ಪಂದ್ಯದ ನಡುವೆ ಕೋಚ್ ಜೊತೆ ರೆಫರಿಯ ಮಾತು

ಪಂದ್ಯದ ನಡುವೆ ರೆಫರಿಗೂ ಕೋಚ್‌ಗೂ ಮಾತಾಡಲು ಸಿಗುವ ಹೊತ್ತು ಬಹಳ ಕಡಿಮೆ. ಹೊರಹೋದ ಚೆಂಡು ಮತ್ತೆ ಒಳಬರುವಷ್ಟರಲ್ಲಿ, ಒಬ್ಬ ಆಟಗಾರ ಹೊರನಡೆದು ಇನ್ನೊಬ್ಬ ಬರುವಷ್ಟರಲ್ಲಿ, ಟೈಮ್‌ಔಟ್ ಮುಗಿದು ತಂಡ ಅಂಕಣಕ್ಕೆ ಮರಳುವಷ್ಟರಲ್ಲಿ ಹೇಳಬೇಕಾದ್ದನ್ನು ಹೇಳಿ ಮುಗಿಸಿರಬೇಕು. ಆ ಕೆಲವು ಸೆಕೆಂಡುಗಳಲ್ಲಿ ರೆಫರಿ ಹೇಗೆ ಕರೆದರು, ಯಾವ ದನಿಯಲ್ಲಿ ಹೇಳಿದರು, ಎಷ್ಟು ಹೊತ್ತು ನಿಂತರು ಎಂಬುದನ್ನು ಎದುರು ಬೆಂಚೂ ನೋಡುತ್ತಿರುತ್ತದೆ, ಸುತ್ತ ನಿಂತ ಜನರೂ ನೋಡುತ್ತಿರುತ್ತಾರೆ. ತೀರ್ಪು ಸರಿಯಿದ್ದರೂ ಅದನ್ನು ತಿಳಿಸಿದ ರೀತಿ ಕೆಟ್ಟದ್ದರಿಂದ ಹದಗೆಟ್ಟ ಪಂದ್ಯಗಳು ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟದಲ್ಲೂ ಇವೆ, ಅಂತರರಾಷ್ಟ್ರೀಯ ಫೈನಲ್‌ಗಳಲ್ಲೂ ಇವೆ. ಸೀಟಿ ಊದುವುದನ್ನು, ಕೈಸನ್ನೆ ಮಾಡುವುದನ್ನು ಅಭ್ಯಾಸ ಮಾಡಿದಷ್ಟೇ ಶ್ರದ್ಧೆಯಿಂದ ಬೆಂಚಿನೊಡನೆ ಮಾತಾಡುವುದನ್ನೂ ರೆಫರಿ ಕಲಿಯಬೇಕಾಗುತ್ತದೆ.

ಯಾರೊಡನೆ, ಯಾವಾಗ

ಆಯಾ ಆಟದ ನಿಯಮ ಯಾರಿಗೆ ಮಾತಿನ ಹಕ್ಕು ಕೊಟ್ಟಿದೆ ಎಂಬುದು ಮೊದಲು ತಿಳಿದಿರಬೇಕು. ಎಲ್ಲ ಆಟಗಳಲ್ಲೂ ಅದು ಒಂದೇ ಅಲ್ಲ.

ವಾಲಿಬಾಲ್‌ನಲ್ಲಿ ತೀರ್ಪಿನ ವಿವರಣೆ ಕೇಳುವ ಹಕ್ಕಿರುವುದು ಆ ಹೊತ್ತಿಗೆ ಅಂಕಣದಲ್ಲಿರುವ ನಾಯಕನಿಗೆ ಮಾತ್ರ. ಅದೂ ಚೆಂಡು ಆಟದಲ್ಲಿ ಇಲ್ಲದಾಗ. ನಿಯಮವನ್ನು ಹೇಗೆ ಅನ್ವಯಿಸಲಾಯಿತು ಎಂದು ಆತ ಕೇಳಬಹುದು. ಉತ್ತರ ಸಮಾಧಾನ ತರದಿದ್ದರೆ, ಪಂದ್ಯ ಮುಗಿದ ಮೇಲೆ ಸ್ಕೋರ್‌ಶೀಟ್‌ನಲ್ಲಿ ಆಕ್ಷೇಪ ಬರೆಸುವುದಾಗಿ ಆ ಗಳಿಗೆಯಲ್ಲೇ ತಿಳಿಸಬಹುದು. ಕೋಚ್ ಕೇಳಬಹುದಾದ್ದು ಟೈಮ್‌ಔಟ್ ಮತ್ತು ಆಟಗಾರರ ಬದಲಾವಣೆ. ಅದಕ್ಕಾಗಿ ಅವರು ನೋಡಬೇಕಾದ್ದು ಎರಡನೇ ರೆಫರಿಯತ್ತ. ಹಳ್ಳಿಗಳ ರಾತ್ರಿ ಟೂರ್ನಿಗಳಲ್ಲಿ ಇದು ತಿರುವುಮುರುವಾಗಿ ನಡೆಯುವುದೇ ಹೆಚ್ಚು. ಕೋಚ್ ನೇರವಾಗಿ ಸ್ಟ್ಯಾಂಡ್ ಮೇಲಿನ ಮೊದಲ ರೆಫರಿಗೆ ಕೂಗುತ್ತಾರೆ, ರೆಫರಿ ಮೇಲಿಂದಲೇ ಉತ್ತರ ಕೂಗುತ್ತಾರೆ, ನೆಟ್ಟಿನ ಎರಡೂ ಬದಿಯವರು ಸೇರಿಕೊಳ್ಳುತ್ತಾರೆ. ಸ್ಟ್ಯಾಂಡ್ ಮೇಲೆ ನಿಂತವರು ಬೆಂಚಿನ ಕಡೆಗೆ ಒಂದೇ ಒಂದು ವಾಕ್ಯವನ್ನೂ ಕೂಗಿ ಹೇಳಬಾರದು. ನಾಯಕನನ್ನು ಕೈಸನ್ನೆಯಿಂದ ಹತ್ತಿರ ಕರೆದು ಅವನಿಗೆ ಹೇಳುವುದೇ ದಾರಿ. ಕೋಚ್‌ಗೆ ತಲುಪಬೇಕಾದ್ದು ಅವನ ಮೂಲಕ ತಲುಪುತ್ತದೆ.

ಬಾಸ್ಕೆಟ್‌ಬಾಲ್‌ನ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಮುಖ್ಯ ಕೋಚ್ ಮತ್ತು ಮೊದಲ ಸಹಾಯಕ ಕೋಚ್ ಇಬ್ಬರಲ್ಲಿ ಒಂದು ಹೊತ್ತಿಗೆ ಒಬ್ಬರು ಮಾತ್ರ ನಿಂತಿರಬಹುದು. ಸಹಾಯಕ ಕೋಚ್ ರೆಫರಿಯೊಡನೆ ಮಾತಿಗಿಳಿಯುವಂತಿಲ್ಲ. ಇಬ್ಬರೂ ಒಟ್ಟಿಗೆ ಎದ್ದು ಮಾತಾಡತೊಡಗಿದಾಗ ರೆಫರಿ ಸಹಾಯಕರಿಗೆ ಉತ್ತರ ಕೊಡಬೇಕಿಲ್ಲ, ಮುಖ್ಯ ಕೋಚ್ ಕಡೆ ತಿರುಗಿ, "ಕೋಚ್, ನಿಮ್ಮ ಜೊತೆ ಮಾತಾಡ್ತೀನಿ. ಅವರು ಕೂತ್ಕೊಳ್ಳಲಿ" ಎಂದರೆ ಸಾಕು. ನಾಯಕ ಏನಾದರೂ ಕೇಳುವುದಿದ್ದರೆ ಚೆಂಡು ಸತ್ತು ಗಡಿಯಾರ ನಿಂತಾಗ, ಸೌಜನ್ಯದಿಂದ ಕೇಳಬೇಕು ಎಂದು ನಿಯಮವೇ ಹೇಳುತ್ತದೆ. ಕೋಚ್‌ಗೆ ಉತ್ತರ ಕೊಡಲೂ ಅದೇ ತಕ್ಕ ಹೊತ್ತು.

ಫುಟ್‌ಬಾಲ್‌ನಲ್ಲಿ ಕೋಚ್‌ಗೆ ಮೀಸಲಾದ ಜಾಗ ಬೆಂಚಿನ ಎರಡೂ ಬದಿಗೆ 1 ಮೀಟರ್, ಮುಂದಕ್ಕೆ ಟಚ್‌ಲೈನ್‌ಗೆ 1 ಮೀಟರ್ ಇರುವವರೆಗೆ. ದೊಡ್ಡ ಪಂದ್ಯಗಳಲ್ಲಿ ಬೆಂಚಿನ ಮಾತು ಕೇಳಿಸಿಕೊಳ್ಳಲು ನಾಲ್ಕನೇ ಅಧಿಕಾರಿ ಇರುತ್ತಾರೆ. ಕಾಲೇಜು ಮೈದಾನಗಳಲ್ಲಿ ಅವರು ಇರುವುದಿಲ್ಲ, ಹಾಗಾಗಿ ಆ ಕೆಲಸ ಆ ಬದಿಯ ಸಹಾಯಕ ರೆಫರಿಯ ಪಾಲಿಗೆ ಬರುತ್ತದೆ. ಬಾವುಟ ಹಿಡಿದು ಆಫ್‌ಸೈಡ್ ಗೆರೆ ಕಾಯುತ್ತಿರುವವರು ಹಿಂದಿರುಗಿ ಉತ್ತರ ಕೊಡಲು ಹೋದರೆ ಮುಂದಿನ ಆಫ್‌ಸೈಡ್ ತಪ್ಪುತ್ತದೆ. ಕಣ್ಣು ಆಟದ ಮೇಲೇ ಇಟ್ಟು, "ಕೇಳಿಸ್ತು ಕೋಚ್, ಚೆಂಡು ಹೊರಗೆ ಹೋದಾಗ ಹೇಳ್ತೀನಿ" ಎಂದು ಹೇಳಬೇಕು. ಹಾಗೆ ಹೇಳಿದ ಮೇಲೆ ಚೆಂಡು ಹೊರಗೆ ಹೋದಾಗ ನಿಜವಾಗಿಯೂ ಹೇಳಬೇಕು.

ಕಬಡ್ಡಿಯಲ್ಲಿ ಬಿಡುವು ಇನ್ನೂ ಕಡಿಮೆ. ಒಂದು ರೇಡ್‌ಗೆ 30 ಸೆಕೆಂಡ್. ಅದು ಮುಗಿದ 5 ಸೆಕೆಂಡಿನೊಳಗೆ ಎದುರು ತಂಡದ ರೇಡರ್ ಹೊರಡಬೇಕು. ಎರಡು ರೇಡ್‌ಗಳ ನಡುವೆ ಕೋಚ್‌ಗೆ ವಿವರಣೆ ಕೊಡಲು ಹೋದ ರೆಫರಿ ಒಂದೋ ಆಟವನ್ನು ತಡೆಯುತ್ತಾರೆ, ಇಲ್ಲವೇ ಮುಂದಿನ ರೇಡ್‌ನ ಮೊದಲ ಸ್ಪರ್ಶವನ್ನು ಕಾಣದೆ ಹೋಗುತ್ತಾರೆ. ಸಂಕೇತವನ್ನು ಸ್ಪಷ್ಟವಾಗಿ ತೋರಿಸಿ, ಮಾತನ್ನು ಟೈಮ್‌ಔಟ್‌ವರೆಗೆ ಕಾದಿರಿಸುವುದೇ ಸರಿ.

ಹೇಗೆ ಕರೆಯಬೇಕು

ಕರ್ನಾಟಕದ ಮೈದಾನಗಳಲ್ಲಿ ಈ ಪ್ರಶ್ನೆ ಮೇಲ್ನೋಟಕ್ಕೆ ಕಾಣುವಷ್ಟು ಸಣ್ಣದಲ್ಲ. ಶಾಲಾ ಕಾಲೇಜು ಪಂದ್ಯಗಳಲ್ಲಿ ಕೋಚ್ ಆಗಿ ಬಂದಿರುವವರು ದೈಹಿಕ ಶಿಕ್ಷಣ ಶಿಕ್ಷಕರು. ಸೀಟಿ ಹಿಡಿದವರೂ ಹಲವು ಸಲ ಅವರೇ. ಬೆಳಿಗ್ಗೆ ಒಂದು ಪಂದ್ಯಕ್ಕೆ ರೆಫರಿಯಾದವರು ಮಧ್ಯಾಹ್ನ ತಮ್ಮ ಶಾಲೆಯ ತಂಡದೊಡನೆ ಬೆಂಚಿನಲ್ಲಿ ಕೂರುತ್ತಾರೆ. ಒಬ್ಬರು ಇನ್ನೊಬ್ಬರ ಸಹಪಾಠಿ, ಇಲ್ಲವೇ ಸಂಬಂಧಿ, ಇಲ್ಲವೇ ಶಿಷ್ಯ. ಒಂದು ಬೆಂಚಿಗೆ "ಏನಣ್ಣ", ಇನ್ನೊಂದಕ್ಕೆ "ಹೇಳಿ ಸರ್" ಎಂದರೆ ರೆಫರಿಯ ಮನಸ್ಸಿನಲ್ಲಿ ಭೇದವಿಲ್ಲದಿದ್ದರೂ "ಸರ್" ಅನ್ನಿಸಿಕೊಂಡವರಿಗೆ ತಾವು ಹೊರಗಿನವರು ಎನಿಸುತ್ತದೆ. ಮುಂದೆ ಬರುವ ಪ್ರತಿ ತೀರ್ಪನ್ನೂ ಅವರು ಆ "ಅಣ್ಣ"ನ ಜೊತೆ ಸೇರಿಸಿಯೇ ನೋಡುತ್ತಾರೆ.

ಆದ್ದರಿಂದ ಎರಡೂ ಬೆಂಚಿಗೆ ಒಂದೇ ಸಂಬೋಧನೆ ಇರಬೇಕು. "ಕೋಚ್" ಎನ್ನುವುದು ಇದಕ್ಕೆ ತುಂಬ ಅನುಕೂಲದ ಮಾತು. ಅದರಲ್ಲಿ ವಯಸ್ಸಿಲ್ಲ, ನಂಟಿಲ್ಲ, ಗಂಡು ಹೆಣ್ಣೆಂಬ ಭೇದವಿಲ್ಲ. "ಸರ್", "ಮೇಡಂ" ಕೂಡ ಆಗುತ್ತದೆ, ಎರಡು ಕಡೆಗೂ ಅದೇ ಆಗಿದ್ದರೆ. ಹೆಸರು ಹಿಡಿದು ಕರೆಯುವುದು, "ಗುರುಗಳೇ", "ಅಣ್ಣ", "ಮಾವ" ಎನ್ನುವುದು ಪಂದ್ಯ ಮುಗಿಯುವವರೆಗೆ ಬೇಡ. ಏಕವಚನವಂತೂ ಯಾವ ಸಂದರ್ಭದಲ್ಲೂ ಬೇಡ. ದಿನವೂ "ಏನೋ, ಬಾರೋ" ಎಂದು ಮಾತಾಡುವ ಗೆಳೆಯರೇ ಆಗಿದ್ದರೂ ಮೈದಾನದಲ್ಲಿ "ನೀವು". ಇಬ್ಬರೂ ಮೊದಲೇ ಹಾಗೆ ಮಾತಾಡಿಕೊಂಡಿದ್ದರೆ ಗೆಳೆತನಕ್ಕೆ ಏನೂ ಆಗುವುದಿಲ್ಲ.

ಒಂದು ಬೆಂಚಿನ ಕೋಚ್ ರೆಫರಿಗೆ ಆಟ ಕಲಿಸಿದ ಮೇಷ್ಟ್ರೇ ಆಗಿದ್ದರೆ ಪೇಚು ಹೆಚ್ಚುತ್ತದೆ. ಕಾಲು ಮುಟ್ಟಿ ನಮಸ್ಕರಿಸುವುದು ಇಲ್ಲಿನ ರೂಢಿ, ಅದನ್ನು ಬಿಡಬೇಕಿಲ್ಲ. ಆದರೆ ಟಾಸ್ ಹೊತ್ತಿನಲ್ಲಿ, ಎದುರು ತಂಡದ ಕಣ್ಣೆದುರು ಅದು ಸಲ್ಲದು. ಬೆಳಿಗ್ಗೆ ತಂಡಗಳು ಹೆಸರು ನೋಂದಾಯಿಸುವಾಗಲೋ ಪಂದ್ಯಗಳೆಲ್ಲ ಮುಗಿದ ಮೇಲೋ ಮಾಡಿದ ನಮಸ್ಕಾರಕ್ಕೆ ಬೆಲೆ ಕಡಿಮೆಯಾಗುವುದಿಲ್ಲ. ಹತ್ತಿರದ ನಂಟು ಇದ್ದಲ್ಲಿ ಸಂಘಟಕರಿಗೆ ಮೊದಲೇ ತಿಳಿಸಿ ಬೇರೆ ಪಂದ್ಯ ಕೇಳಿಕೊಳ್ಳುವುದು ಇನ್ನೂ ಒಳ್ಳೆಯದು.

ಮಹಿಳಾ ಕೋಚ್‌ಗಳ ವಿಷಯದಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ. ಬೆಂಚಿನಲ್ಲಿ ಮುಖ್ಯ ಕೋಚ್ ಮಹಿಳೆ, ಪಕ್ಕದಲ್ಲಿ ಮ್ಯಾನೇಜರ್ ಆಗಿ ಬಂದ ಗಂಡಸರೊಬ್ಬರು ಇದ್ದರೆ, ರೆಫರಿ ಆ ಗಂಡಸರ ಕಡೆಗೇ ತಿರುಗಿ ಮಾತಾಡುತ್ತಾರೆ. ಇದು ಅಗೌರವ, ನಿಯಮಕ್ಕೂ ವಿರುದ್ಧ. ಸ್ಕೋರ್‌ಶೀಟ್‌ನಲ್ಲಿ ಮುಖ್ಯ ಕೋಚ್ ಎಂದು ಯಾರ ಹೆಸರಿದೆಯೋ ಅವರೊಡನೆ ಮಾತು. ಪಂದ್ಯಕ್ಕೆ ಮೊದಲು ಎರಡೂ ಬೆಂಚಿನ ಬಳಿ ಹೋಗಿ "ಮುಖ್ಯ ಕೋಚ್ ಯಾರು?" ಎಂದು ಕೇಳಿ, ತಮ್ಮ ಹೆಸರನ್ನೂ ಹೇಳಿದರೆ ಮುಂದಿನ ಗೊಂದಲ ತಪ್ಪುತ್ತದೆ. ಹಾಗೆ ಹೋಗುವಾಗ ಜೊತೆಯ ರೆಫರಿಯನ್ನೂ ಕರೆದೊಯ್ಯಬೇಕು. ಒಂದೊಂದು ಬೆಂಚಿನಲ್ಲಿ ಅರ್ಧ ನಿಮಿಷ ಸಾಕು. ಒಂದು ಕಡೆ ಚಹಾ ಕುಡಿದು ಇನ್ನೊಂದು ಕಡೆ ಬರೀ ಕೈಕುಲುಕುವುದು ಬೇಡ.

ಕೇಳಿದ್ದಕ್ಕೆ ಉತ್ತರ, ಕೂಗಿದ್ದಕ್ಕೆ ಮೌನ

ಬೆಂಚಿನಿಂದ ಬರುವ ಮಾತುಗಳೆಲ್ಲ ಪ್ರಶ್ನೆಗಳಲ್ಲ. "ಅದು ಯಾವ ಫೌಲ್?" ಎನ್ನುವುದು ಪ್ರಶ್ನೆ. "ಆ ಕಡೆ ಒಂದೂ ಕೊಡ್ತಿಲ್ಲ!" ಎನ್ನುವುದು ಅಸಮಾಧಾನ. ಮೊದಲನೆಯದಕ್ಕೆ ಉತ್ತರ ಕೊಡಲೇಬೇಕು, ಎರಡನೆಯದಕ್ಕೆ ಹೆಚ್ಚಿನ ಸಲ ಏನೂ ಹೇಳಬೇಕಿಲ್ಲ. ಹೊಸ ರೆಫರಿಗಳು ಇದನ್ನು ಅದಲುಬದಲು ಮಾಡುತ್ತಾರೆ: ಪ್ರಶ್ನೆ ಕೇಳಿದವರಿಗೆ ಮುಖ ತಿರುಗಿಸುತ್ತಾರೆ, ಗೊಣಗಿದವರ ಜೊತೆ ವಾದಕ್ಕೆ ನಿಲ್ಲುತ್ತಾರೆ.

ಉತ್ತರದಲ್ಲಿ ಇರಬೇಕಾದ್ದು ಎರಡೇ: ಕಂಡದ್ದು ಏನು, ಅದಕ್ಕೆ ನಿಯಮ ಏನು. ಬಾಸ್ಕೆಟ್‌ಬಾಲ್ ಪಂದ್ಯದ ಒಂದು ಸಂದರ್ಭ ನೋಡಬಹುದು. ಬುಟ್ಟಿಯತ್ತ ನುಗ್ಗಿದ ಆಟಗಾರ ಎದುರಾಳಿಗೆ ಡಿಕ್ಕಿಯಾಗಿ ಇಬ್ಬರೂ ಬಿದ್ದಿದ್ದಾರೆ, ರೆಫರಿ ಚಾರ್ಜಿಂಗ್ ಕೊಟ್ಟಿದ್ದಾರೆ.

"ಸರ್, ಅವನು ಓಡಾಡ್ತಿದ್ದ! ಬ್ಲಾಕಿಂಗ್ ಅಲ್ವಾ ಅದು?"

"ಕೋಚ್, 7ನೇ ನಂಬರ್ ಮೊದಲೇ ಎರಡು ಕಾಲೂರಿ ನಿಂತಿದ್ರು. ನಿಮ್ಮ ಆಟಗಾರ ಎದೆಗೆ ಬಂದು ತಗುಲಿದ್ರು. ಹಾಗಾಗಿ ಚಾರ್ಜಿಂಗ್."

"ನಾನು ನೋಡಿದ್ದು ಹಾಗಲ್ಲ."

"ಸರಿ ಕೋಚ್, ನನಗೆ ಕಂಡದ್ದು ಅದು."

ಇಲ್ಲಿಗೆ ಮುಗಿಯಬೇಕು. ಮೂರನೇ ಸಲ ಹೇಳಿದರೆ ಅದು ವಾದವಾಗುತ್ತದೆ. ಕೊನೆಯ ಮಾತು ಕೋಚ್‌ದೇ ಆದರೂ ತೊಂದರೆಯಿಲ್ಲ, ತೀರ್ಪು ಹೇಗಿದ್ದರೂ ರೆಫರಿಯದೇ. ಈ ಉತ್ತರದಲ್ಲಿ ಆಟಗಾರರನ್ನು ನಂಬರ್‌ನಿಂದ ಕರೆದದ್ದನ್ನೂ, ಅವರಿಗೂ ಬಹುವಚನ ಬಳಸಿದ್ದನ್ನೂ ಗಮನಿಸಬೇಕು. "ನಿಮ್ಮ ಹುಡುಗ ಬೇಕಂತಲೇ ಗುದ್ದಿದ" ಎಂದಿದ್ದರೆ ಮಾತು ಕಂಡದ್ದನ್ನು ದಾಟಿ ಆಟಗಾರನ ಮನಸ್ಸಿನೊಳಗೆ ಹೋಗುತ್ತಿತ್ತು. ಅದನ್ನು ಯಾವ ಕೋಚ್ ಕೂಡ ಒಪ್ಪುವುದಿಲ್ಲ.

ನಿಲ್ಲುವ ರೀತಿಯೂ ಮಾತಿನ ಭಾಗವೇ. ಎದೆಗೆ ಎದೆ ಕೊಟ್ಟು ನಿಂತರೆ ದೂರದಿಂದ ನೋಡುವವರಿಗೆ ಜಗಳದಂತೆ ಕಾಣುತ್ತದೆ. ಕೋಚ್ ಪಕ್ಕದಲ್ಲಿ, ಇಬ್ಬರ ಮುಖವೂ ಅಂಕಣದತ್ತ ಇರುವಂತೆ ನಿಂತು ತಗ್ಗಿದ ದನಿಯಲ್ಲಿ ಹೇಳಿದರೆ ಅದೇ ಮಾತು ಬೇರೆಯಾಗಿ ಕೇಳುತ್ತದೆ. ಬೆರಳು ತೋರಿಸುವುದು, ಸೊಂಟದ ಮೇಲೆ ಕೈಯಿಡುವುದು, ಬಾಯಲ್ಲಿ ಸೀಟಿ ಇಟ್ಟುಕೊಂಡೇ ಮಾತಾಡುವುದು ಸಲ್ಲದು. ಸಮಾಧಾನಪಡಿಸಲೆಂದು ಭುಜದ ಮೇಲೆ ಕೈ ಹಾಕುವುದೂ ಬೇಡ, ಅದು ಸಿಟ್ಟಿನಲ್ಲಿರುವವರಿಗೆ ತಳ್ಳಿದಂತೆ ಅನ್ನಿಸಬಹುದು. ಕೋಚ್ ದನಿ ಏರಿದಷ್ಟೂ ರೆಫರಿಯ ದನಿ ಇಳಿಯಬೇಕು. ಪಿಸುಮಾತೂ ಆಗದು, ಎದುರು ಬೆಂಚಿಗೆ ಗುಟ್ಟು ಎನಿಸುತ್ತದೆ.

ಕೆಲವು ಮಾತುಗಳನ್ನು ರೆಫರಿ ಬಾಯಿಗೇ ತರಬಾರದು. "ನನಗೆ ರೂಲ್ಸ್ ಕಲಿಸಬೇಡಿ", "ನಾನು ಎಷ್ಟು ವರ್ಷದಿಂದ ಊದ್ತಿದ್ದೀನಿ ಗೊತ್ತಾ" ಎಂಬವು ಮಾತನ್ನು ಆಟದಿಂದ ವ್ಯಕ್ತಿಗಳ ಮೇಲೆ ತರುತ್ತವೆ. "ಅದು ನನ್ನದಲ್ಲ, ಅವರು ಕೊಟ್ಟಿದ್ದು" ಎಂದು ಜೊತೆಯ ರೆಫರಿಯ ಕಡೆ ತೋರಿಸುವುದು ಅದಕ್ಕಿಂತ ಕೆಟ್ಟದ್ದು. ಅಲ್ಲಿಂದ ಮುಂದೆ ಬೆಂಚು ಇಬ್ಬರನ್ನೂ ನಂಬುವುದಿಲ್ಲ. "ಆ ಕಡೆಯಿಂದ ನೋಡಿದವರು ಅವರು, ಅವರಿಗೆ ಸ್ಪಷ್ಟವಾಗಿ ಕಂಡಿದೆ" ಎಂದರೆ ಸಹೋದ್ಯೋಗಿಯ ಮಾನವೂ ಉಳಿಯುತ್ತದೆ, ಸುಳ್ಳೂ ಆಗುವುದಿಲ್ಲ. ಎಲ್ಲಕ್ಕಿಂತ ಅಪಾಯದ ಮಾತು "ಬಿಡಿ, ಮುಂದೆ ನೋಡೋಣ" ಎಂಬುದು. ಹೇಳಿದವರಿಗೆ ಅದು ಬರೀ ಸಮಾಧಾನದ ಮಾತು, ಕೇಳಿದವರಿಗೆ ಮುಂದಿನ ಪಾಯಿಂಟ್ ತಮಗೆ ಎಂಬ ಭರವಸೆ.

ತಪ್ಪಿದಾಗ

ರೆಫರಿಗೂ ತಪ್ಪುತ್ತದೆ. ತಿದ್ದಲು ನಿಯಮದಲ್ಲಿ ಅವಕಾಶ ಇರುವವರೆಗೆ ತಿದ್ದಬೇಕು. ಫುಟ್‌ಬಾಲ್‌ನಲ್ಲಿ ಆಟ ಮತ್ತೆ ಶುರುವಾಗುವ ಮೊದಲು ರೆಫರಿ ತನ್ನ ತೀರ್ಪು ಬದಲಿಸಬಹುದು, ಆಮೇಲೆ ಸಾಧ್ಯವಿಲ್ಲ. ತಿದ್ದಿದಾಗ ಲಾಭವಾದ ಬೆಂಚಿಗಿಂತ ಮೊದಲು ನಷ್ಟವಾದ ಬೆಂಚಿಗೆ ವಿಷಯ ತಿಳಿಸುವುದು ಒಳ್ಳೆಯದು: "ಕೋಚ್, ಚೆಂಡು ನಿಮ್ಮ ಆಟಗಾರರಿಗೆ ತಗುಲಿ ಹೊರಗೆ ಹೋಗಿದೆ ಅಂತ ಸಹಾಯಕ ರೆಫರಿ ನೋಡಿದ್ದಾರೆ. ಥ್ರೋ ಆ ಕಡೆಗೆ." ತಿದ್ದಲು ಹೊತ್ತು ಮೀರಿದ್ದರೆ "ಅದು ನನಗೆ ಕಾಣಲಿಲ್ಲ ಕೋಚ್" ಎಂದು ಒಂದು ಸಲ ಹೇಳಿದರೆ ಸಾಕು. ಕಾಣದ್ದನ್ನು ಕಂಡೆ ಎಂದು ಕಥೆ ಕಟ್ಟಿದರೆ ಬೆಂಚಿಗೆ ಕೂಡಲೇ ಗೊತ್ತಾಗುತ್ತದೆ. ಒಪ್ಪಿಕೊಂಡ ಮೇಲೆ ಇನ್ನೊಂದು ತಂಡದ ಮೇಲೆ ತಪ್ಪು ಹೊರಿಸಿ ಸರಿದೂಗಿಸುವ ಯೋಚನೆ ಮಾತ್ರ ಬರಬಾರದು.

ಇಡೀ ಅಧಿಕಾರಿ ಮಂಡಳಿಗೇ ನಿಯಮದ ಬಗ್ಗೆ ಗೊಂದಲವಾದರೆ ಏನಾಗುತ್ತದೆ ಎಂಬುದಕ್ಕೆ 2023ರ ಅಕ್ಟೋಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಪುರುಷರ ಕಬಡ್ಡಿ ಫೈನಲ್ ಸಾಕ್ಷಿ. ಭಾರತ ಮತ್ತು ಇರಾನ್ ನಡುವಿನ ಆ ಪಂದ್ಯದ ಕೊನೆಯ ಹಂತದಲ್ಲಿ, ಬೆಂಗಳೂರು ಬುಲ್ಸ್ ತಂಡದಲ್ಲಿ ಹೆಸರು ಮಾಡಿದ ಪವನ್ ಸೆಹ್ರಾವತ್ ಎದುರಾಳಿಗಳನ್ನು ಮುಟ್ಟದೆ ಅಂಕಣದ ಬದಿಯ ಪಟ್ಟಿಯಾದ ಲಾಬಿಗೆ ಕಾಲಿಟ್ಟರು, ಇರಾನಿನ ಆಟಗಾರರೂ ಬೆನ್ನಟ್ಟಿ ಲಾಬಿಗೆ ಬಂದರು. ಹಳೆಯ ನಿಯಮದಂತೆ ಹಿಂದೆ ಬಂದವರೂ ಔಟ್, ಹೊಸದರಂತೆ ರೇಡರ್ ಮಾತ್ರ ಔಟ್. ಯಾವ ನಿಯಮ ಎಂಬುದರ ಮೇಲೆ ತೀರ್ಪು ಅತ್ತಿತ್ತ ವಾಲಿತು, ಎರಡೂ ತಂಡಗಳು ಪ್ರತಿಭಟಿಸಿದವು, ಆಟ ಸುಮಾರು ಒಂದು ಗಂಟೆ ನಿಂತಿತು. ಕೊನೆಗೆ ಭಾರತ 33–29ರಿಂದ ಗೆದ್ದಿತು.

ಇಂಥ ಹೊತ್ತಿನಲ್ಲಿ ಕೋಚ್‌ಗಳೊಡನೆ ಬಿಡಿಬಿಡಿಯಾಗಿ ಮಾತಾಡಬಾರದು. ಅಧಿಕಾರಿಗಳು ಮೊದಲು ತಮ್ಮಲ್ಲೇ, ಬೆಂಚುಗಳಿಂದ ದೂರ ನಿಂತು ತೀರ್ಮಾನಕ್ಕೆ ಬರಬೇಕು. ಆಮೇಲೆ ಎರಡೂ ಕೋಚ್‌ಗಳನ್ನು ಒಟ್ಟಿಗೆ ಕರೆದು, ಒಬ್ಬರೇ, ಒಂದೇ ಸಲ, ಅದೇ ಮಾತುಗಳಲ್ಲಿ ಹೇಳಬೇಕು: ಯಾವ ನಿಯಮ, ಯಾರು ಔಟ್, ಅಂಕ ಎಷ್ಟು. ತೀರ್ಮಾನಕ್ಕೆ ಮೊದಲೇ ಒಬ್ಬ ಕೋಚ್‌ಗೆ "ಬಹುಶಃ ನಿಮಗೇ ಬರುತ್ತೆ" ಎಂದು ಹೇಳಿಬಿಟ್ಟರೆ ಆಮೇಲೆ ಅದನ್ನು ಹಿಂತೆಗೆದುಕೊಳ್ಳಲು ಆಗುವುದಿಲ್ಲ. ಟೂರ್ನಿ ಶುರುವಾಗುವ ದಿನವೇ ಕೋಚ್‌ಗಳ ಸಭೆ ಕರೆದು, ಈ ಟೂರ್ನಿಗೆ ಯಾವ ನಿಯಮ ಪುಸ್ತಕ ಅನ್ವಯ ಎಂದು ಹೇಳುವುದು ಇದಕ್ಕೆ ಅತ್ಯಂತ ಸುಲಭದ ಪರಿಹಾರ.

ಎಚ್ಚರಿಕೆಯಿಂದ ಕಾರ್ಡ್‌ವರೆಗೆ

ಮಾತು ಮೀರಿದಾಗ ಶಿಕ್ಷೆಗೆ ಮೆಟ್ಟಿಲುಗಳಿವೆ. ಫುಟ್‌ಬಾಲ್‌ನಲ್ಲಿ 2019–20ರ ನಿಯಮಾವಳಿಯಿಂದ ತಂಡದ ಅಧಿಕಾರಿಗಳಿಗೂ ಹಳದಿ, ಕೆಂಪು ಕಾರ್ಡ್ ತೋರಿಸಲಾಗುತ್ತಿದೆ. ಸಣ್ಣ ಮಟ್ಟದ ಅಸಮ್ಮತಿಗೆ, ಆಗೊಮ್ಮೆ ಈಗೊಮ್ಮೆ ಗೆರೆ ದಾಟಿದ್ದಕ್ಕೆ ಮೊದಲು ಬಾಯಿಮಾತಿನ ಎಚ್ಚರಿಕೆ. ಅಣಕದ ಚಪ್ಪಾಳೆ, ನೀರಿನ ಬಾಟಲಿ ಎಸೆತ, ಎದುರಾಳಿಗೆ ಕಾರ್ಡ್ ಕೊಡಿ ಎಂಬ ಎಡೆಬಿಡದ ಸನ್ನೆಗೆ ಹಳದಿ. ಬೈಗುಳಕ್ಕೆ, ಜಗಳಕ್ಕೆಂದೇ ಮೈದಾನಕ್ಕೆ ನುಗ್ಗಿದ್ದಕ್ಕೆ ಕೆಂಪು. ಬೆಂಚಿನಲ್ಲಿ ಯಾರು ಕೂಗಿದರೆಂದು ಗೊತ್ತಾಗದಿದ್ದರೆ ಅಲ್ಲಿರುವ ಹಿರಿಯ ಕೋಚ್‌ಗೇ ಶಿಕ್ಷೆ. ಈ ಕೊನೆಯ ನಿಯಮವನ್ನು ಕಾರ್ಡ್ ತೆಗೆಯುವ ಮೊದಲೇ ತಿಳಿಸುವುದು ಒಳ್ಳೆಯದು: "ಕೋಚ್, ಹಿಂದಿನಿಂದ ಯಾರೋ ಕೂಗ್ತಿದ್ದಾರೆ. ಯಾರು ಅಂತ ಗೊತ್ತಾಗದಿದ್ರೆ ಅದು ನಿಮ್ಮ ಮೇಲೇ ಬರುತ್ತೆ, ನೋಡ್ಕೊಳ್ಳಿ." ಬೆಂಚನ್ನು ಸುಮ್ಮನಿರಿಸುವ ಕೆಲಸವನ್ನು ಆಮೇಲೆ ಕೋಚ್ ತಾವೇ ಮಾಡುತ್ತಾರೆ.

ವಾಲಿಬಾಲ್‌ನಲ್ಲಿ ಸಣ್ಣ ತಪ್ಪಿಗೆ ಮೊದಲು ನಾಯಕನ ಮೂಲಕ ಬಾಯಿಮಾತಿನ ಎಚ್ಚರಿಕೆ, ಬಳಿಕ ಹಳದಿ ಕಾರ್ಡ್. ಒರಟು ನಡತೆಗೆ ಕೆಂಪು ಕಾರ್ಡ್, ಎದುರು ತಂಡಕ್ಕೆ ಒಂದು ಪಾಯಿಂಟ್. ಅವಮಾನಿಸುವ ಮಾತಿಗೆ ಎರಡೂ ಕಾರ್ಡ್ ಒಂದೇ ಕೈಯಲ್ಲಿ, ಆ ಸೆಟ್‌ಗೆ ಹೊರಗೆ. ಹಲ್ಲೆಗೆ ಎರಡು ಕಾರ್ಡ್ ಎರಡು ಕೈಯಲ್ಲಿ, ಪಂದ್ಯಕ್ಕೇ ಹೊರಗೆ. ಬಾಸ್ಕೆಟ್‌ಬಾಲ್‌ನಲ್ಲಿ ಟೆಕ್ನಿಕಲ್ ಫೌಲ್‌ಗೆ ಒಂದು ಫ್ರೀ ಥ್ರೋ. ತಮ್ಮದೇ ನಡತೆಗಾಗಿ ಎರಡು ಬಿದ್ದರೆ ಕೋಚ್ ಹೊರಹೋಗಬೇಕು.

ಎಚ್ಚರಿಕೆ ಕೊಡುವಾಗ ಅದು ಎಚ್ಚರಿಕೆ ಎಂದು ಸ್ಪಷ್ಟವಾಗಬೇಕು. "ಕೋಚ್, ಇದು ಎಚ್ಚರಿಕೆ. ಪ್ರಶ್ನೆ ಇದ್ರೆ ಕೇಳಿ, ಕೂಗಾಟ ಬೇಡ" ಎಂದು ಹೇಳಿ ಅಲ್ಲಿಂದ ಹೊರಟುಬಿಡಬೇಕು. "ಇನ್ನೊಂದು ಮಾತಾಡಿದ್ರೆ ಹೊರಗೆ ಹಾಕ್ತೀನಿ" ಎಂಬ ಬೆದರಿಕೆ ರೆಫರಿಯನ್ನೇ ಕಟ್ಟಿಹಾಕುತ್ತದೆ: ಮುಂದಿನ ಮಾತು ಎಷ್ಟು ಚಿಕ್ಕದಿದ್ದರೂ ಹೊರಹಾಕಬೇಕು, ಇಲ್ಲವೇ ಮಾತಿಗೆ ತಪ್ಪಬೇಕು. ಕಾರ್ಡ್ ತೋರಿಸಿದ ಮೇಲೆ ಭಾಷಣ ಬೇಡ. ಕಾರಣವನ್ನು ಒಂದು ವಾಕ್ಯದಲ್ಲಿ ಹೇಳಿ, ದೂರ ಸರಿದು, ಆಟ ಮುಂದುವರಿಸಬೇಕು. ಮಕ್ಕಳ ಪಂದ್ಯದಲ್ಲಿ ಇದು ಇನ್ನೂ ಮುಖ್ಯ. ತಮ್ಮ ಮೇಷ್ಟ್ರಿಗೆ ಎಲ್ಲರೆದುರು ಅವಮಾನವಾಯಿತೆಂದು ಕುಗ್ಗಿದ ಮಕ್ಕಳು ಆಮೇಲೆ ಆಡಲಾರರು.

ಕೋಚ್ ಮೈದಾನದೊಳಗೇ ಬಂದರೆ ತೀರ್ಪಿನ ಚರ್ಚೆ ಅಲ್ಲಿಗೇ ನಿಲ್ಲಬೇಕು. 2022ರ ಐಪಿಎಲ್‌ನಲ್ಲಿ, ವಾಂಖೆಡೆ ಕ್ರೀಡಾಂಗಣದಲ್ಲಿ ರಾಜಸ್ಥಾನ ವಿರುದ್ಧದ ಪಂದ್ಯದ ಕೊನೆಯ ಓವರ್‌ನಲ್ಲಿ ನೋಬಾಲ್ ಕೊಡಲಿಲ್ಲವೆಂದು ಡೆಲ್ಲಿ ತಂಡದ ಸಹಾಯಕ ಕೋಚ್ ಪ್ರವೀಣ್ ಆಮ್ರೆ ಅಂಪೈರ್‌ಗಳ ಬಳಿಗೆ ನಡೆದುಬಂದರು. ಅವರಿಗೆ ಪಂದ್ಯದ ಪೂರ್ತಿ ಶುಲ್ಕದಷ್ಟು ದಂಡ ಬಿತ್ತು, ಒಂದು ಪಂದ್ಯಕ್ಕೆ ನಿಷೇಧವೂ ಆಯಿತು. ಹಾಗೆ ಒಳಬಂದವರಿಗೆ ನೋಬಾಲ್ ಏಕೆ ಅಲ್ಲ ಎಂದು ವಿವರಿಸತೊಡಗಿದರೆ ಒಳಬಂದದ್ದೇ ಸರಿ ಎಂದಂತಾಗುತ್ತದೆ. "ಮೊದಲು ಹೊರಗೆ ಹೋಗಿ ಕೋಚ್" ಎಂಬ ಒಂದೇ ಮಾತನ್ನು ಅದೇ ದನಿಯಲ್ಲಿ ಮತ್ತೆ ಹೇಳಬೇಕು.

ಭಾಷೆ ಬೇರೆಯಾದಾಗ

1966ರ ವಿಶ್ವಕಪ್ ಫುಟ್‌ಬಾಲ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಆಡುತ್ತಿದ್ದ ಅರ್ಜೆಂಟೀನಾದ ನಾಯಕ ಆಂಟೋನಿಯೊ ರಾಟಿನ್ ಅವರನ್ನು ಜರ್ಮನ್ ರೆಫರಿ ರುಡಾಲ್ಫ್ ಕ್ರೈಟ್ಲೈನ್ ಹೊರಹಾಕಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ದುಭಾಷಿ ಬೇಕೆಂದು ಕೇಳುತ್ತ ರಾಟಿನ್ ಬಹಳ ಹೊತ್ತು ಮೈದಾನ ಬಿಡಲಿಲ್ಲ. ಆ ಟೂರ್ನಿಯ ರೆಫರಿಗಳ ಹೊಣೆ ಹೊತ್ತಿದ್ದ ಕೆನ್ ಆಸ್ಟನ್ ಅವರಿಗೆ ಬಣ್ಣದ ಕಾರ್ಡ್‌ಗಳ ಯೋಚನೆ ಬಂದದ್ದು ಆ ಪಂದ್ಯದ ಗೊಂದಲದಿಂದ. 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಅವು ಬಳಕೆಗೆ ಬಂದವು.

ನಮ್ಮಲ್ಲೂ ಬೆಳಗಾವಿಯಲ್ಲಿ ಮರಾಠಿ, ಕರಾವಳಿಯಲ್ಲಿ ತುಳು, ಕಲಬುರಗಿಯಲ್ಲಿ ಉರ್ದು, ಅಂತರರಾಜ್ಯ ಪಂದ್ಯಗಳಲ್ಲಿ ಹಿಂದಿ, ತಮಿಳು ಆಡುವ ಕೋಚ್‌ಗಳು ಎದುರಾಗುತ್ತಾರೆ. ಒಂದು ಬೆಂಚಿನೊಡನೆ ಎದುರು ಕಡೆಯವರಿಗೆ ತಿಳಿಯದ ಭಾಷೆಯಲ್ಲಿ ಉದ್ದಕ್ಕೆ ಮಾತಾಡಿದರೆ ಇನ್ನೊಂದು ಬೆಂಚಿಗೆ ಅನುಮಾನ ಬರುವುದು ಸಹಜ. ಇಬ್ಬರಿಗೂ ಬರುವ ಭಾಷೆ ಆರಿಸಿಕೊಂಡು, ಜೊತೆಗೆ ಆ ಆಟದ ಅಧಿಕೃತ ಕೈಸನ್ನೆಯನ್ನೂ ತೋರಿಸಿ, ಮಾತನ್ನು ಆದಷ್ಟು ಚಿಕ್ಕದು ಮಾಡಬೇಕು.

ಪಂದ್ಯ ಮುಗಿದ ಮೇಲೆ

ಕೊನೆಯ ಸೀಟಿಯ ನಂತರ ಸೋತ ಕೋಚ್ ಬಿಸಿಯಾಗಿಯೇ ಇರುತ್ತಾರೆ. ಕೈಕುಲುಕಲು ಅವರು ಬಂದರೆ ಕೈಕುಲುಕಬೇಕು, ಬರದಿದ್ದರೆ ಹುಡುಕಿಕೊಂಡು ಹೋಗಬೇಕಿಲ್ಲ. ತೀರ್ಪಿನ ಚರ್ಚೆಯನ್ನು ಊಟದ ಸಾಲಿಗೆ, ಬಸ್ ನಿಲ್ಲಿಸಿದ ಜಾಗಕ್ಕೆ, ವಾಟ್ಸಾಪ್ ಗುಂಪಿಗೆ ಒಯ್ಯಬಾರದು. ಆಕ್ಷೇಪ ಇದ್ದರೆ ಬರಹದಲ್ಲಿ ಸಂಘಟಕರಿಗೆ ಕೊಡಲು ಹೇಳಿ ಸುಮ್ಮನಾಗಬೇಕು.

ಎಚ್ಚರಿಕೆ ಇಲ್ಲವೇ ಕಾರ್ಡ್ ಕೊಟ್ಟಿದ್ದರೆ ಅದೇ ದಿನ ವರದಿ ಬರೆಯಬೇಕು. "ಕೋಚ್ ಅಸಭ್ಯವಾಗಿ ವರ್ತಿಸಿದರು" ಎಂಬ ವಾಕ್ಯದಿಂದ ಶಿಸ್ತು ಸಮಿತಿಗೆ ಏನೂ ತಿಳಿಯುವುದಿಲ್ಲ. ಎಷ್ಟನೇ ನಿಮಿಷ, ಅಂಕ ಎಷ್ಟಿತ್ತು, ಕೋಚ್ ಎಲ್ಲಿ ನಿಂತಿದ್ದರು, ಆಡಿದ ಮಾತು ಯಾವುದು ಎಂಬುದನ್ನು ಕೇಳಿಸಿದ ಹಾಗೆಯೇ, ಆಡಿದ ಭಾಷೆಯಲ್ಲೇ ಬರೆಯಬೇಕು. ಆ ಮಾತಿಗೆ ರೆಫರಿ ಏನೆಂದರು ಎಂಬುದನ್ನೂ ಅದರ ಕೆಳಗೆ ಬರೆದು, ಜೊತೆಯ ರೆಫರಿಗೆ ಓದಿಸಿ, ಸಹಿ ಹಾಕಿಸಬೇಕು.